ಸಮ್ಮರ್ ಕ್ಯಾಂಪ್ ಫಾರಂಗೆ ಸೈನ್ ಹಾಕೋ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಕ್ಕಳ ಪರೀಕ್ಷೆ ಮುಗೀತಾ ಬಂದ ಹಾಗೆ ಈ ಅಂಕಣಕ್ಕೆ ಬರೋ ಪತ್ರಗಳ ವಿಷಯಾನೂ ಬದಲಾಗುತ್ತೆ. ಈ ಸಲ ಬಂದಿರೋದ್ರಲ್ಲಿ ಜಾಸ್ತಿ ಪಾಲು ಬೇಸಿಗೆ ಶಿಬಿರದ್ದೇ, ಅದೂ ಬೆಳಿಗ್ಗೆ ಬಿಟ್ಟು ಮಧ್ಯಾಹ್ನನೋ ಸಂಜೆನೋ ವಾಪಸ್ ಕರ್ಕೊಂಡು ಬರೋ ಶಿಬಿರಗಳದ್ದು. ಮೈಸೂರು ರಂಗಾಯಣದ ಚಿಣ್ಣರ ಮೇಳ, ಕಬ್ಬನ್ ಪಾರ್ಕಿನ ಬಾಲಭವನದ ಶಿಬಿರ ಇಂಥವನ್ನ ಜನ ವರ್ಷಗಳಿಂದ ನೋಡಿದ್ದಾರೆ, ಈಗ ಅದ್ರ ಜೊತೆಗೆ ಬೀದಿಗೊಂದು, ಅಪಾರ್ಟ್‌ಮೆಂಟಿಗೊಂದು ಕ್ಯಾಂಪ್ ಶುರುವಾಗಿದೆ, ಎಲ್ಲಾ ಕಡೆ ಒಂದು ಫಾರಂ ಕೊಡ್ತಾರೆ, ಕೊನೇಲಿ ಪೋಷಕರ ಸಹಿ ಅಂತ ಜಾಗ ಬಿಟ್ಟಿರ್ತಾರೆ. ಆ ಜಾಗದ ಬಗ್ಗೆನೇ ಇಷ್ಟೊಂದು ಜನ ಕೇಳಿರೋದ್ರಿಂದ ಈ ತಿಂಗಳು ಪೂರ್ತಿ ಅದೇ ವಿಷಯ ತಗೊಂಡಿದ್ದೀನಿ.

ಪ್ರಶ್ನೆ: ನಮಸ್ತೆ ಮೇಡಂ. ಮಗಳಿಗೆ ಎಂಟು ವರ್ಷ. ಮನೆ ಹತ್ರದ ಕ್ಯಾಂಪಿಗೆ ಸೇರಿಸೋಣ ಅಂತಿದ್ದೀವಿ, 9ರಿಂದ 1 ಗಂಟೆವರೆಗೆ, ಸ್ವಿಮ್ಮಿಂಗೂ ಇದೆ. ಫಾರಂ ಕೊನೇಲಿ "ಶಿಬಿರದ ಅವಧಿಯಲ್ಲಿ ಆಗುವ ಯಾವುದೇ ಅವಘಡ, ಗಾಯ ಅಥವಾ ಪ್ರಾಣಹಾನಿಗೆ ಸಂಸ್ಥೆ ಜವಾಬ್ದಾರಿಯಲ್ಲ" ಅಂತ ಇದೆ. ಕೇಳಿದ್ದಕ್ಕೆ ಇದು ಬರೀ ಫಾರ್ಮಾಲಿಟಿ ಮೇಡಂ ಎಲ್ರೂ ಹಾಕಿದ್ದಾರೆ ಅಂದ್ರು. ನಮ್ಮ ಯಜಮಾನ್ರೂ ಹಾಕು ಅಂತಾರೆ. ನನಗೆ ಕೈ ಬರ್ತಿಲ್ಲ. ಸೈನ್ ಹಾಕಿದ್ರೆ ನಾಳೆ ಕೇಳೋ ಹಕ್ಕೇ ಇರಲ್ವಾ? (ಒಬ್ಬ ತಾಯಿ, ರಾಜಾಜಿನಗರ, ಬೆಂಗಳೂರು)

ಉತ್ತರ: ನಿಮಗೆ ಕೈ ಬರದೇ ಇರೋದು ಸರಿಯಾಗೇ ಇದೆ ಅಮ್ಮ. ಮೊದಲು ಸಮಾಧಾನದ ಮಾತು ಹೇಳ್ತೀನಿ, ಆ ಸಾಲಿಗೆ ನೀವು ಸೈನ್ ಹಾಕಿದ್ರೂ ನಿಮ್ಮ ಹಕ್ಕು ಹೋಗಲ್ಲ. ಅವರ ನಿರ್ಲಕ್ಷ್ಯದಿಂದ ಮಗುವಿಗೆ ಪೆಟ್ಟಾದ್ರೆ ಅದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ, 125ನೇ ಕಲಂ ಇದೆ, ಪ್ರಾಣ ಹೋದ್ರೆ 106ನೇ ಕಲಂ, ಐದು ವರ್ಷದವರೆಗೆ ಶಿಕ್ಷೆ ಇದೆ. ಅಪರಾಧವನ್ನ ತಂದೆ ತಾಯಿ ಒಂದು ಕಾಗದದಲ್ಲಿ ಮುಂಗಡವಾಗಿ ಮಾಫಿ ಮಾಡೋಕೆ ಬರಲ್ಲ. 1872ರ ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಒಪ್ಪಂದ ನಿಲ್ಲಲ್ಲ. 1995ರಲ್ಲಿ ಪಂಜಾಬಿನ ಪಠಾಣ್‌ಕೋಟ್ ಕಡೆಯ ಒಂದು ಶಾಲೆಯವರು ಮಕ್ಕಳನ್ನ ಬಿಯಾಸ್ ನದಿ ದಡಕ್ಕೆ ಪಿಕ್ನಿಕ್ ಕರ್ಕೊಂಡು ಹೋಗಿ 14 ಮಕ್ಕಳು ಮುಳುಗಿ ತೀರಿಕೊಂಡ್ರು, ಪ್ರತಿ ಮಗುವಿನ ತಂದೆ ತಾಯಿಗೆ ತಲಾ 5 ಲಕ್ಷ ಪರಿಹಾರ ಕೊಡಬೇಕು ಅನ್ನೋದನ್ನ 2001ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡೀತು. ಮಗು ಯಾರ ಕೈಲಿದೆಯೋ ನೋಡ್ಕೊಳ್ಳೋ ಹೊಣೆ ಅವರದೇ.

ಆದ್ರೆ ಕೇಸು ಗೆದ್ದು ಏನು ಮಾಡ್ತೀರಿ ಹೇಳಿ, ಮುಳುಗಿದ ಮಗು ವಾಪಸ್ ಬರಲ್ಲ. ಅದಕ್ಕೇ ನಾನು ಆ ಸಾಲಿಗಿಂತ ಅದನ್ನ ಬರೆದವರ ಮನಸ್ಸನ್ನ ನೋಡಿ ಅಂತೀನಿ. ಪ್ರಾಣಹಾನಿ ಅನ್ನೋ ಪದವನ್ನ ಫಾರಂನಲ್ಲಿ ಹಾಕೋಕೆ ಯೋಚನೆ ಮಾಡಿದವರು ಈಜುಕೊಳದ ಹತ್ರ ಯಾರು ನಿಂತಿರ್ತಾರೆ ಅಂತನೂ ಯೋಚನೆ ಮಾಡಿರಬೇಕು ಅಲ್ವಾ? ಅದನ್ನ ಹೋಗಿ ಕೇಳಿ, ಫೋನಲ್ಲಿ ಬೇಡ, ಕೊಳದ ಹತ್ರಾನೇ ನಿಂತು ಕೇಳಿ. ಕಲಿಸೋ ಕೋಚ್ ನೀರೊಳಗೆ ನಾಲ್ಕು ಮಕ್ಕಳ ಕೈ ಹಿಡ್ಕೊಂಡಿದ್ರೆ ಮಿಕ್ಕವರ ಮೇಲೆ ಕಣ್ಣು ಇಡೋರು ಬೇರೆ ಒಬ್ಬರು ಬೇಕು, ಆ ಮನುಷ್ಯನಿಗೆ ನೋಡೋದು ಬಿಟ್ಟು ಬೇರೆ ಕೆಲಸ ಇರಬಾರದು, ಕೈಲಿ ಮೊಬೈಲ್ ಅಂತೂ ಇರಲೇಬಾರದು. ಮುಳುಗೋ ಮಗು ಸಿನಿಮಾದಲ್ಲಿ ತೋರಿಸೋ ಹಾಗೆ ಕೂಗಲ್ಲ ಕೈ ಬೀಸಲ್ಲ, ಸದ್ದಿಲ್ಲದೆ ಕೆಳಗೆ ಹೋಗ್ಬಿಡುತ್ತೆ, ಪಕ್ಕದಲ್ಲಿ ಆಡ್ತಿರೋ ಮಕ್ಕಳಿಗೂ ಗೊತ್ತಾಗಲ್ಲ. ನಿಮ್ಮ ಮಗಳ ಎದೆ ಮಟ್ಟಕ್ಕಿಂತ ಆಳ ಇರೋ ಕಡೆ ಬಿಡ್ತಾರಾ, ದೊಡ್ಡ ಮಕ್ಕಳ ಬ್ಯಾಚ್ ಬೇರೆನಾ, ಒಂದು ಸಲಕ್ಕೆ ಎಷ್ಟು ಜನ ಇಳೀತಾರೆ, ಎದೆ ಒತ್ತಿ ಉಸಿರು ಕೊಡೋದು ಯಾರಿಗೆ ಬರುತ್ತೆ, ಹತ್ತಿರದ ಆಸ್ಪತ್ರೆ ಯಾವುದು. ಇದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ರೆ ಸೇರಿಸಿ. ಎಲ್ಲಾ ನೋಡ್ಕೋತೀವಿ ಬಿಡಿ ಮೇಡಂ ಅಂತ ಸಾಗಹಾಕಿದ್ರೆ ಸ್ವಿಮ್ಮಿಂಗ್ ಬೇಡ ಅಂತ ಬರೆದುಕೊಟ್ಟು ಮಿಕ್ಕಿದ್ದಕ್ಕೆ ಮಾತ್ರ ಕಳಿಸಿ, ಇಲ್ಲಾ ಬೇರೆ ಕ್ಯಾಂಪ್ ನೋಡಿ.

ಫಾರಂಗೆ ಬಂದ್ರೆ, ಆ ಸಾಲಿನ ಪಕ್ಕದಲ್ಲಿ ಪೆನ್ನಲ್ಲಿ "ಸಂಸ್ಥೆಯ ನಿರ್ಲಕ್ಷ್ಯದಿಂದ ಆಗುವ ಹಾನಿಗೆ ಇದು ಅನ್ವಯಿಸುವುದಿಲ್ಲ" ಅಂತ ಬರೆದು ಅಲ್ಲೇ ಸೈನ್ ಹಾಕಿ, ಒಂದು ಫೋಟೋ ತೆಗೆದಿಟ್ಕೊಳ್ಳಿ. ಆನ್‌ಲೈನ್ ಫಾರಂ ಆದ್ರೆ ಅದೇ ಮಾತನ್ನ ಅವರಿಗೆ ಮೆಸೇಜ್ ಮಾಡಿ. ಒಂದು ವಿಷಯ ಮಾತ್ರ ಗೊತ್ತಿರಲಿ, ಕ್ಯಾಂಪನ್ನ ಶಾಲೆಯೇ ನಡೆಸ್ತಿದ್ರೆ ದುಡ್ಡು ಕೊಟ್ಟು ಪಡೆದ ಸೇವೆಯಲ್ಲಿ ಲೋಪ ಆದ್ರೆ ದೂರು ಕೊಡೋ ಗ್ರಾಹಕರ ಆಯೋಗದ ದಾರಿ ಅಷ್ಟು ಸಲೀಸಲ್ಲ. ಶಿಕ್ಷಣ ಸಂಸ್ಥೆ ಕೊಡೋದು "ಸೇವೆ" ಅಲ್ಲ ಅಂತ ರಾಷ್ಟ್ರೀಯ ಗ್ರಾಹಕರ ಆಯೋಗ ಹೇಳಿದೆ, ಶಾಲೆಯ ಬೇಸಿಗೆ ಶಿಬಿರದ ಈಜುಕೊಳದಲ್ಲೇ ಮಗು ತೀರಿಕೊಂಡ ಕೇಸೊಂದರ ಅಪೀಲನ್ನ ಸುಪ್ರೀಂ ಕೋರ್ಟು 2021ರಲ್ಲಿ ವಿಚಾರಣೆಗೆ ತಗೊಂಡಿದೆ. ಪೊಲೀಸ್ ದೂರು, ಸಿವಿಲ್ ಕೋರ್ಟಿನಲ್ಲಿ ಪರಿಹಾರ, ಈ ದಾರಿಗಳು ಯಾವಾಗ್ಲೂ ತೆರೆದೇ ಇರುತ್ವೆ.

ಪ್ರಶ್ನೆ: ಮಗನಿಗೆ ವೀಜಿಂಗ್ ಇದೆ, ಚಳಿಗಾಲದಲ್ಲಿ ಜಾಸ್ತಿ, ಈಗ ಪರವಾಗಿಲ್ಲ. ಫಾರಂನಲ್ಲಿ ಕಾಯಿಲೆ ಏನಾದ್ರೂ ಇದ್ರೆ ಬರೀರಿ ಅಂತ ಇದೆ. ಬರೆದ್ರೆ ಸೀಟ್ ಕೊಡಲ್ಲ, ಸುಮ್ನೆ ಇಲ್ಲ ಅಂತ ಹಾಕು ಅಂತ ಅಣ್ಣ ಹೇಳ್ತಾನೆ. (ದಾವಣಗೆರೆಯಿಂದ ಒಬ್ಬ ತಂದೆ)

ಉತ್ತರ: ದಯವಿಟ್ಟು ಬರೀರಿ ಸಾರ್. ಸೀಟ್ ಹೋದ್ರೆ ಹೋಗಲಿ. ವೀಜಿಂಗ್ ಇರೋ ಮಗುವಿಗೆ ಧೂಳು, ಬಣ್ಣದ ಪುಡಿ, ಚಾಕ್‌ಪೀಸು, ಓಡಾಟ ಎಲ್ಲಾ ಒಟ್ಟಿಗೆ ಸಿಗೋ ಜಾಗ ಅಂದ್ರೆ ಕ್ಯಾಂಪೇ, ಅಲ್ಲಿ ಉಸಿರು ಕಟ್ಟಿದಾಗ ಪಕ್ಕದಲ್ಲಿರೋ ಇಪ್ಪತ್ತು ವರ್ಷದ ಹುಡುಗಿಗೆ ಇದೇನು ಅಂತ ಗೊತ್ತೇ ಇರದಿದ್ರೆ ಅವಳು ನೀರು ಕುಡಿಸಿ ಕೂರಿಸ್ತಾಳೆ ಅಷ್ಟೇ. ಬರೀ "ಅಸ್ತಮಾ" ಅಂತ ಬರೆದ್ರೂ ಸಾಲದು. ಯಾವ ಇನ್‌ಹೇಲರ್, ಎಷ್ಟು ಪಫ್, ಸ್ಪೇಸರ್ (ಇನ್‌ಹೇಲರಿಗೆ ಜೋಡಿಸೋ ಕೊಳವೆ) ಬ್ಯಾಗಿನ ಯಾವ ಜೇಬಲ್ಲಿದೆ, ಎಷ್ಟು ಹೊತ್ತಲ್ಲಿ ಸರಿಹೋಗದಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು, ಇಷ್ಟನ್ನ ನಿಮ್ಮ ಡಾಕ್ಟರ ಹತ್ರ ಒಂದು ಚೀಟಿಲಿ ಬರೆಸ್ಕೊಂಡು ಫಾರಂ ಜೊತೆ ಪಿನ್ ಮಾಡಿ. ಔಷಧಿ ಅದರ ಡಬ್ಬಿಯಲ್ಲೇ ಇರಲಿ, ಮೇಲೆ ಮಗನ ಹೆಸರು ಇರಲಿ. ಒಂದು ದಿನ ನೀವೇ ಹೋಗಿ ಬ್ಯಾಚಿನ ಟೀಚರಿಗೆ ಹೆಂಗೆ ಕೊಡೋದು ಅಂತ ತೋರಿಸಿ ಬನ್ನಿ.

ಅಲರ್ಜಿ ಇರೋ ಮಕ್ಕಳ ಅಪ್ಪ ಅಮ್ಮನಿಗೂ ಇದೇ ಮಾತು. ಶಿಬಿರದಲ್ಲಿ ಹಂಚೋ ತಿಂಡಿ ಅಂದ್ರೆ ಕಡ್ಲೆಕಾಯಿ ಚಿಕ್ಕಿ ಬಹಳ ಸಾಮಾನ್ಯ, ಕಡ್ಲೆಕಾಯಿ ಆಗದ ಮಗುವಿಗೆ ಅದೊಂದು ತುಂಡು ಸಾಕು.

ಫಾರಂನಲ್ಲಿ ತುರ್ತು ಚಿಕಿತ್ಸೆಗೆ ಒಪ್ಪಿಗೆ ಅಂತ ಇನ್ನೊಂದು ಸಾಲು ಇರುತ್ತೆ, ಅದಕ್ಕೆ ಧೈರ್ಯವಾಗಿ ಸಹಿ ಹಾಕಿ. ಜೀವಕ್ಕೆ ಅಪಾಯ ಇರುವಾಗ ಚಿಕಿತ್ಸೆ ತಡ ಮಾಡಬಾರದು ಅಂತ 1989ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ಅಪ್ಪ ಅಮ್ಮ ಬರೋತನಕ ಯಾವ ಡಾಕ್ಟರೂ ಕಾಯೋ ಹಾಗಿಲ್ಲ, ಆದ್ರೂ ಕಾಗದ ಕೈಲಿದ್ರೆ ಕ್ಯಾಂಪಿನವರು ಹೆದರದೆ ಮಗುನ ಎತ್ತಿಕೊಂಡು ಓಡ್ತಾರೆ. ನಿಮ್ಮಿಬ್ಬರ ನಂಬರ್ ಬಿಟ್ಟು ಮೂರನೆಯವರ ನಂಬರೂ ಕೊಡಿ, ಮೀಟಿಂಗಲ್ಲಿ ಫೋನ್ ಸೈಲೆಂಟ್ ಇರೋದು ನಿಮಗೇ ಗೊತ್ತಲ್ಲ. ಮತ್ತೆ ದಾವಣಗೆರೆ ಬಿಸಿಲು. ಬೆಂಗಳೂರಲ್ಲೇ 2016ರ ಏಪ್ರಿಲ್ 24ಕ್ಕೆ 39.2 ಡಿಗ್ರಿ ಹೋಗಿತ್ತು, ನಿಮ್ಮ ಕಡೆ ಕೇಳೋದೇ ಬೇಡ. 12ರಿಂದ 3ರ ನಡುವೆ ಮೈದಾನದಲ್ಲಿ ಆಡಿಸ್ತಾರಾ ಅಂತ ಖಂಡಿತ ಕೇಳಿ.

ಪ್ರಶ್ನೆ: ನಾನು ಮತ್ತು ಗಂಡ ಬೇರೆ ಇದ್ದೀವಿ, ಮಗ ನನ್ನ ಜೊತೆ. ಕ್ಯಾಂಪಿನ ಆಫೀಸಲ್ಲಿ ತಂದೆ ಸಹಿನೇ ಬೇಕು ಅಂತ ಫಾರಂ ವಾಪಸ್ ಕೊಟ್ರು. ಎಲ್ಲರೆದುರು ಹೇಳಿದ್ದು ತುಂಬಾ ನೋವಾಯ್ತು. (ಮೈಸೂರು)

ಉತ್ತರ: ಓದಿ ನನಗೂ ಸಂಕಟ ಆಯ್ತು ಅಕ್ಕ. ಕ್ಯಾಂಪಿಗೆ ತಂದೆ ಸಹಿನೇ ಬೇಕು ಅಂತ ಯಾವ ಕಾನೂನೂ ಇಲ್ಲ. ಗೀತಾ ಹರಿಹರನ್ ಕೇಸಲ್ಲಿ ಸುಪ್ರೀಂ ಕೋರ್ಟು 1999ರಲ್ಲೇ ಹೇಳಿದೆ, ಮಗುವಿನ ಜವಾಬ್ದಾರಿಯನ್ನ ತಂದೆ ನಿಜವಾಗಿ ನೋಡ್ಕೋತಾ ಇಲ್ಲದಿದ್ರೆ ತಂದೆ ಬದುಕಿರುವಾಗಲೇ ತಾಯಿ ಸಹಜ ಪೋಷಕಿ ಆಗ್ತಾಳೆ ಅಂತ. ನೀವು ಮತ್ತೆ ಹೋಗಿ, "ಪೋಷಕರು" ಅನ್ನೋ ಜಾಗದಲ್ಲಿ ನಿಮ್ಮ ಹೆಸರು ಬರೆದು ಸಹಿ ಹಾಕಿ ಕೊಡಿ. ಒಪ್ಪದಿದ್ರೆ ಯಾವ ನಿಯಮದಲ್ಲಿದೆ ಅಂತ ಬರವಣಿಗೆಯಲ್ಲಿ ಕೊಡೋಕೆ ಹೇಳಿ, ಬರ್ಕೊಡೋಕೆ ಅವರ ಹತ್ರ ಏನೂ ಇರಲ್ಲ.

ನೀವು ಕೇಳದೇ ಇರೋ ಇನ್ನೊಂದು ವಿಷಯ ಹೇಳಲೇಬೇಕು, ಅದು ಪಿಕಪ್. ಮಗನನ್ನ ಯಾರ್ಯಾರು ಕರ್ಕೊಂಡು ಹೋಗಬಹುದು ಅನ್ನೋ ಪಟ್ಟಿ ಹೆಸರು, ಫೋಟೋ, ನಂಬರ್ ಸಮೇತ ಕೊಡಿ, ಪಟ್ಟಿಲಿ ಇಲ್ಲದೋರು ಯಾರೇ ಬಂದ್ರೂ, ನಾನು ಚಿಕ್ಕಪ್ಪ ಅಂದ್ರೂ, ನಿಮಗೆ ಫೋನ್ ಮಾಡದೆ ಕಳಿಸಬಾರದು ಅಂತ ಬರೆದುಕೊಡಿ. ಮಗು ಯಾರ ಹತ್ರ ಇರಬೇಕು ಅಂತ ಕೋರ್ಟ್ ಆದೇಶ ಆಗಿದ್ರೆ ಅದರ ಒಂದು ಪ್ರತಿನೂ ಕೊಡಿ. ಆದೇಶ ಇಲ್ಲದಿದ್ರೆ ಮಗುವಿನ ಅಪ್ಪ ಗೇಟಿಗೆ ಬಂದು ನಿಂತಾಗ ಕ್ಯಾಂಪಿನವರು ಇಕ್ಕಟ್ಟಿಗೆ ಸಿಕ್ಕಾಕ್ಕೊತಾರೆ, ಆಗ ಅವರು ನಿಮಗೆ ಫೋನ್ ಮಾಡಿ ನೀವು ಬರೋತನಕ ಮಗನನ್ನ ಒಳಗೇ ಕೂರಿಸ್ಕೊಂಡಿರಬೇಕು ಅಂತ ಮೊದಲೇ ಮಾತಾಡಿಟ್ಕೊಳ್ಳಿ. ನೀವು, ಮಗ ಇಬ್ಬರಿಗೇ ಗೊತ್ತಿರೋ ಒಂದು ಪದ ಇಟ್ಕೊಳ್ಳಿ, ಅದು ಹೇಳದೋರ ಜೊತೆ ಹೊರಡಬೇಡ ಅಂತ ಅವನಿಗೆ ಹೇಳಿಕೊಡಿ.

ಪ್ರಶ್ನೆ: ಆಂಟಿ ನಾನು ಆರನೇ ಕ್ಲಾಸ್ ಮುಗಿಸಿದೀನಿ. ಅಮ್ಮ ನನ್ನ ಕೇಳದೆ ಅಬಾಕಸ್ ಕ್ಯಾಂಪಿಗೆ ಸೈನ್ ಹಾಕಿ ದುಡ್ಡೂ ಕಟ್ಟಿದ್ದಾರೆ. ನಂಗೆ ಅಜ್ಜಿ ಊರಿಗೆ ಹೋಗ್ಬೇಕು. ನನ್ನ ಪರ್ಮಿಷನ್ ಬೇಡ್ವಾ? (ತುಮಕೂರಿನ ಹುಡುಗಿ)

ಉತ್ತರ: ಬೇಕು ಪುಟ್ಟ. ಫಾರಂನಲ್ಲಿ ನಿನ್ನ ಸಹಿಗೆ ಜಾಗ ಇಲ್ಲದಿದ್ರೂ ಬೇಕು. ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಮಕ್ಕಳ ಮಾತು ಕೇಳಬೇಕು ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯಲ್ಲೇ ಇದೆ, ನಮ್ಮ ದೇಶ ಅದನ್ನ 1992ರಲ್ಲಿ ಒಪ್ಪಿಕೊಂಡಿದೆ. ಅಮ್ಮನಿಗೆ ಕೆಲಸ ಇರುತ್ತೆ, ಮನೇಲಿ ನೀನೊಬ್ಳೇ ಇರ್ತೀಯಲ್ಲ ಅನ್ನೋ ಭಯಾನೂ ಇರಬಹುದು, ಅದನ್ನ ಕೇಳು. ಇಷ್ಟು ದಿನ ಕ್ಯಾಂಪು ಇಷ್ಟು ದಿನ ಅಜ್ಜಿ ಊರು ಅಂತ ನೀನೇ ಒಂದು ಲೆಕ್ಕ ಹಾಕಿ ತೋರಿಸು. ಹೋಗೋದೇ ಆದ್ರೆ ಇದೊಂದು ನೆನಪಿಟ್ಕೋ. ಅಲ್ಲಿ ಯಾರಾದ್ರೂ ನಿನಗೆ ಇಷ್ಟ ಇಲ್ಲದ ಹಾಗೆ ಮುಟ್ಟಿದ್ರೆ, ಮನೇಲಿ ಹೇಳ್ಬೇಡ ಅಂದ್ರೆ, ಅವತ್ತೇ ಅಮ್ಮನಿಗೆ ಹೇಳು. ಹೇಳೋಕೆ ಆಗದಿದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು, ದುಡ್ಡು ಬೇಡ, ಹಗಲು ರಾತ್ರಿ ಇರ್ತಾರೆ. ತಪ್ಪು ಯಾವತ್ತೂ ನಿಂದಾಗಿರಲ್ಲ.

ಪ್ರಶ್ನೆ: ಮೇಡಮ್ಮರ, ಹ್ವಾದ ವರ್ಷ ನಮ್ಮ ಹುಡುಗನ್ನ ಕ್ಯಾಂಪಿಗೆ ಹಾಕಿದ್ವಿ. ಈಗ ನೋಡಿದ್ರ ಈ ವರ್ಷದ ಜಾಹೀರಾತಿನ್ಯಾಗ ಅವನ ಫೋಟೋನ ಐತಿ, ಹೆಸರು, ಸಾಲಿ ಹೆಸರು ಸೈತ ಹಾಕ್ಯಾರ, ಇನ್‌ಸ್ಟಾದಾಗ ಎಲ್ಲಾರೂ ನೋಡಾಕತ್ತಾರ. ಕೇಳಿದ್ರ ನೀವ ಫಾರ್ಮಿಗೆ ಸಹಿ ಮಾಡೀರಲ್ರಿ ಅಂತಾರ. (ಹುಬ್ಬಳ್ಳಿ)

ಉತ್ತರ: ಸಹಿ ಮಾಡಿದ್ರೂ ಈಗ ಬೇಡ ಅನ್ನೋ ಹಕ್ಕು ನಿಮಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸೋಕೆ ತಂದೆ ತಾಯಿಯ ಒಪ್ಪಿಗೆ ಬೇಕು, ಕೊಟ್ಟ ಒಪ್ಪಿಗೆಯನ್ನ ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ, ಹಂತ ಹಂತವಾಗಿ ಜಾರಿ ಆಗ್ತಿವೆ. ಅದು ಪೂರ್ತಿ ಜಾರಿ ಆಗೋತನಕ ಕಾಯೋದೇನೂ ಬೇಡ, ಇವತ್ತೇ ವಾಟ್ಸಾಪಲ್ಲಿ "ನಮ್ಮ ಮಗನ ಫೋಟೋ, ಹೆಸರು, ಶಾಲೆಯ ಹೆಸರು ತೆಗೀರಿ, ಇನ್ನು ಮುಂದೆ ಬಳಸೋಕೆ ನಮ್ಮ ಒಪ್ಪಿಗೆ ಇಲ್ಲ" ಅಂತ ಕಳಿಸಿ. ತೆಗೀದಿದ್ರೆ ಇನ್‌ಸ್ಟಾಗ್ರಾಂಗೇ ರಿಪೋರ್ಟ್ ಮಾಡಿ. ಮುಖ, ಹೆಸರು, ಶಾಲೆ ಮೂರೂ ಒಂದೇ ಕಡೆ ಸಿಕ್ಕಿದ್ರೆ ಗೊತ್ತಿಲ್ಲದವನು ಶಾಲೆ ಗೇಟಲ್ಲಿ ನಿಂತು ಹೆಸರು ಹಿಡಿದು ಕರೆಯೋಕೆ ಅಷ್ಟೇ ಸಾಕು, ನನಗೆ ಭಯ ಅದೇ. ಈ ವರ್ಷ ಫಾರಂ ತುಂಬೋರು ನೋಡಿ, ಪೋಷಕರ ಗ್ರೂಪಿಗೆ ಫೋಟೋ ಹಾಕೋದು ಬೇರೆ, ಜಾಹೀರಾತಿಗೆ ಹಾಕೋದು ಬೇರೆ, ಎರಡಕ್ಕೂ ಬೇರೆ ಬೇರೆ ಹೌದು ಅಲ್ಲ ಅಂತ ಗುರುತು ಹಾಕೋ ಜಾಗ ಕೇಳಿ ಪಡ್ಕೊಳ್ಳಿ.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ನಾಟಕದೋರು. ಈ ವರ್ಷ ಮೊದಲ ಸಲ ಊರಿನ ಸಭಾಭವನದಲ್ಲಿ 40 ಮಕ್ಕಳಿಗೆ ಶಿಬಿರ ಮಾಡ್ತಿದ್ದೀವಿ, ಸಹಾಯಕ್ಕೆ ಕಾಲೇಜು ಹುಡುಗರು ಬರ್ತಾರೆ. ಫಾರಂ ಹೆಂಗೆ ಮಾಡೋದು, ಇಂಟರ್‌ನೆಟ್ಟಿಂದ ಒಂದು ಇಂಗ್ಲಿಷ್ ಫಾರಂ ತೆಗೆದು ಪ್ರಿಂಟ್ ಹಾಕಿದ್ರೆ ಆಗುತ್ತಾ? (ಶಿವಮೊಗ್ಗ ಜಿಲ್ಲೆಯಿಂದ)

ಉತ್ತರ: ಈ ಪತ್ರ ಓದಿ ನಿಜವಾಗ್ಲೂ ಖುಷಿಯಾಯ್ತು, ಕೇಳಿ ಮಾಡೋರು ಕಮ್ಮಿ. ಆ ಇಂಗ್ಲಿಷ್ ಫಾರಂ ಬೇಡ. ನಿಮ್ಮೂರಿನ ಅಪ್ಪ ಅಮ್ಮ ಓದಿ ಅರ್ಥ ಮಾಡ್ಕೊಳ್ಳೋಕಾಗದ ಕಾಗದದ ಮೇಲೆ ತಗೊಂಡ ಸಹಿಯನ್ನ ನಾನು ಒಪ್ಪಿಗೆ ಅಂತ ಕರೆಯಲ್ಲ. ಕನ್ನಡದಲ್ಲಿ ಎರಡು ಪುಟ ಮಾಡಿ, ಮೊದಲ ಪುಟದಲ್ಲಿ ನೀವು ಏನು ಮಾಡ್ತೀರಿ ಏನು ಮಾಡಲ್ಲ ಅನ್ನೋದು, ಎರಡನೆಯದರಲ್ಲಿ ಅವರು ತುಂಬೋದು. ಸೇರಿಸೋ ದಿನ ಒಬ್ಬೊಬ್ಬರ ಜೊತೆ ಐದು ನಿಮಿಷ ಕೂತು ಮೊದಲ ಪುಟ ಓದಿ ಹೇಳಿ, ಸಹಿ ಆಮೇಲೆ.

ಫಾರಂಗಿಂತ ಮುಂಚೆ ಆ ಕಾಲೇಜು ಹುಡುಗರ ವಿಷಯ. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಪೋಕ್ಸೋ ಕಾಯ್ದೆಯ 2020ರ ನಿಯಮದಲ್ಲಿ ಸ್ಪಷ್ಟವಾಗಿದೆ, ಮಕ್ಕಳ ಜೊತೆ ನಿಯಮಿತವಾಗಿ ಒಡನಾಡೋ ಯಾವ ಸಂಸ್ಥೆಯಾದ್ರೂ, ಶಾಲೆ, ಕ್ರೀಡಾ ಅಕಾಡೆಮಿ, ಇನ್ಯಾವುದೇ ಆಗಲಿ, ತನ್ನ ಸಿಬ್ಬಂದಿಯ ಪೊಲೀಸ್ ವೆರಿಫಿಕೇಷನ್ ಮಾಡಿಸಬೇಕು, ಕಾಯಂ ಆಗಿರಲಿ ಗುತ್ತಿಗೆ ಆಗಿರಲಿ. ನಮ್ಮ ಹುಡುಗರೇ ಬಿಡಿ ಅಂತ ಅನ್ಸುತ್ತೆ, ಸಂಬಳಕ್ಕೆ ಬರೋರಲ್ಲ ಅಂತಾನೂ ಅನ್ಸುತ್ತೆ, ಆದ್ರೂ ಮಾಡಿಸಿ. ಮಕ್ಕಳಿಗೆ ತೊಂದರೆ ಕೊಡೋರು ಹೆಚ್ಚಿನ ಸಲ ಗೊತ್ತಿರೋರೇ ಆಗಿರ್ತಾರೆ. ಒಬ್ಬ ದೊಡ್ಡವರು ಒಂದು ಮಗು ಅಂತ ಬಾಗಿಲು ಹಾಕಿದ ಕೋಣೇಲಿ ಯಾವತ್ತೂ ಇರಬಾರದು, ಮೇಕಪ್ ರೂಮಲ್ಲೂ ಅಷ್ಟೇ. ನಾಟಕದ ಶಿಬಿರ ಆದ್ರಿಂದ ಇದನ್ನ ಒತ್ತಿ ಹೇಳ್ತಿದ್ದೀನಿ, ಬಟ್ಟೆ ಹಾಕೋದು, ಬಣ್ಣ ಹಚ್ಚೋದು, ಅಭಿನಯ ತಿದ್ದುವಾಗ ಮೈ ಮುಟ್ಟೋದು ಎಲ್ಲಾ ಇರುತ್ತೆ, ಹೆಂಗೆ ಮಾಡ್ತೀರಿ ಅನ್ನೋದನ್ನ ಮೊದಲ ಪುಟದಲ್ಲೇ ಬರೀರಿ. ಚಿಕ್ಕ ಮಕ್ಕಳನ್ನ ಟಾಯ್ಲೆಟ್ಟಿಗೆ ಕರ್ಕೊಂಡು ಹೋಗೋಕೆ ಊರಲ್ಲಿ ಎಲ್ಲರಿಗೂ ಗೊತ್ತಿರೋ ಒಬ್ಬ ಹೆಂಗಸನ್ನ ನೇಮಿಸ್ಕೊಳ್ಳಿ. ಯಾವುದೋ ಮಗು ಏನೋ ಹೇಳ್ತು, ಅನುಮಾನ ಬಂತು ಅಂದ್ರೆ ಒಳಗೊಳಗೇ ವಿಚಾರಣೆ ಮಾಡೋ ಹಾಗಿಲ್ಲ. ಪೋಕ್ಸೋ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಸಂಸ್ಥೆ ನಡೆಸೋರು ತಮ್ಮ ಕೈಕೆಳಗಿನವರ ತಪ್ಪನ್ನ ಮುಚ್ಚಿಟ್ರೆ 21ನೇ ಕಲಂನಲ್ಲಿ ಒಂದು ವರ್ಷದವರೆಗೆ ಜೈಲು. ಶಿಬಿರದ ಹೆಸರು ಕೆಡುತ್ತೆ ಅಂತ ದಯವಿಟ್ಟು ಯೋಚಿಸಬೇಡಿ.

ಶಿಸ್ತಿನ ಬಗ್ಗೆನೂ ಬರೀರಿ. ಹೊಡೆಯಲ್ಲ, ಕೂಡಿಹಾಕಲ್ಲ, ಎಲ್ಲರೆದುರು ಅವಮಾನ ಮಾಡಲ್ಲ. ನಿಮ್ಮ ವಶದಲ್ಲಿರೋ ಮಗುವಿನ ಮೇಲೆ ಕ್ರೌರ್ಯ ಅಂದ್ರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ, ಮೂರು ವರ್ಷದವರೆಗೆ ಶಿಕ್ಷೆ ಇದೆ. ಎರಡೇಟು ಹಾಕಿ ಮೇಷ್ಟ್ರೇ ಅಂತ ಅಪ್ಪಂದಿರೇ ಹೇಳ್ತಾರೆ, ಆ ಒಪ್ಪಿಗೆಗೆ ಬೆಲೆ ಇಲ್ಲ.

ಹೊರಗೆ ಕರ್ಕೊಂಡು ಹೋಗೋದಿದ್ರೆ, ಕೆರೆ ದಂಡೆ, ಕಾಡು, ತೋಟ ಏನೇ ಇರಲಿ, ಪ್ರತಿ ಸಲಕ್ಕೂ ಬೇರೆ ಒಪ್ಪಿಗೆ ಚೀಟಿ ತಗೊಳ್ಳಿ, ಎಲ್ಲಿಗೆ, ಯಾವ ಗಾಡಿ, ಎಷ್ಟೊತ್ತಿಗೆ ವಾಪಸ್ ಅಂತ. ಗಾಡಿ ಹಳದಿ ಬೋರ್ಡಿಂದೇ ಇರಲಿ. ಬಿಳಿ ಬೋರ್ಡ್ ಗಾಡಿಗೆ ಬಾಡಿಗೆ ಕೊಟ್ಟು ಕರ್ಕೊಂಡು ಹೋಗಿ ಏನಾದ್ರೂ ಆದ್ರೆ ಇನ್ಶೂರೆನ್ಸ್‌ನವರು ಕೈ ಎತ್ತಬಹುದು. ನಿಮ್ಮ ಕಡೆ ಮರದಲ್ಲಿ ಹೆಜ್ಜೇನು ಕಟ್ಟಿರುತ್ತೆ, ಹಿಂದಿನ ದಿನ ಒಬ್ಬರು ಹೋಗಿ ಜಾಗ ನೋಡಿ ಬನ್ನಿ. ನಾಯಿ ಕಚ್ಚಿದ್ರೆ ಚಿಕ್ಕ ಗೀರಾದ್ರೂ ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ. ಹಾವು ಕಚ್ಚಿದ್ರೆ ಕಟ್ಟು ಕಟ್ಟೋದು, ಕೊಯ್ಯೋದು, ನಾಟಿ ಮದ್ದು ಹಾಕೋದು ಯಾವುದೂ ಬೇಡ, ಕೈಕಾಲು ಅಲ್ಲಾಡಿಸದ ಹಾಗೆ ಎತ್ತಿಕೊಂಡು ಆಂಟಿವೆನಂ ಇರೋ ಆಸ್ಪತ್ರೆಗೆ ನೇರ ಹೋಗಿ, ಅದು ಎಲ್ಲಿದೆ ಅಂತ ಶಿಬಿರ ಶುರುವಾಗೋ ಮುಂಚೆನೇ ವಿಚಾರಿಸಿಟ್ಟಿರಿ. ಜ್ವರ ಬಂತು ಅಂತ ನೀವಾಗೇ ಮಾತ್ರೆ ಕೊಡಬೇಡಿ, ಮನೆಗೆ ಫೋನ್ ಮಾಡಿ. ಬೆಳಿಗ್ಗೆ ಬಂದಾಗ, ತಿಂಡಿ ಆದ್ಮೇಲೆ, ಹೊರಡುವಾಗ ಹೀಗೆ ಮೂರು ಸಲ ತಲೆ ಎಣಿಸಿ. ಕರ್ಕೊಂಡು ಹೋಗೋರು ತಡ ಮಾಡಿದ್ರೆ ಕೊನೆಯ ಮಗು ಹೋಗೋತನಕ ಇಬ್ಬರು ದೊಡ್ಡವರು ಇರ್ತೀವಿ ಅಂತ ಬರೆದು ಹಾಗೇ ನಡ್ಕೊಳ್ಳಿ. ಇಷ್ಟೆಲ್ಲ ಮಾಡೋ ಜಾಗಕ್ಕೆ "ನಾವು ಜವಾಬ್ದಾರರಲ್ಲ" ಅನ್ನೋ ಸಾಲು ಬೇಕಾಗೇ ಇಲ್ಲ.

ಪ್ರಶ್ನೆ: 6,500 ಕಟ್ಟಿದ್ವಿ, ಎರಡನೇ ದಿನಕ್ಕೇ ಮಗಳಿಗೆ ಚಿಕನ್‌ಪಾಕ್ಸ್. ನೋ ರೀಫಂಡ್ ಅಂತಾರೆ. ರಸೀದಿನೂ ಕೊಟ್ಟಿಲ್ಲ. (ಬಳ್ಳಾರಿ)

ಉತ್ತರ: ಮೊದಲು ಮಗು ಹುಷಾರಾಗಲಿ, ಗುಳ್ಳೆ ಎಲ್ಲಾ ಒಣಗಿ ಹಕ್ಕಳೆ ಕಟ್ಟೋತನಕ ಕಳಿಸಬೇಡಿ, ಬೇರೆ ಮಕ್ಕಳಿಗೆ ಹರಡುತ್ತೆ. ಕ್ಯಾಂಪಿನವರಿಗೂ ಇವತ್ತೇ ತಿಳಿಸಿ. ದುಡ್ಡಿನ ವಿಷಯದಲ್ಲಿ ಅವರು ಹೇಳಿದ್ದನ್ನೆಲ್ಲ ನಡೆಸ್ತಿದ್ದು ನೀವು ಬಿಟ್ಟಿದ್ರೆ ಫಾರಂನಲ್ಲಿರೋ ಷರತ್ತೇ ಮುಖ್ಯ ಆಗುತ್ತೆ, ಡಾಕ್ಟರ ಸರ್ಟಿಫಿಕೇಟ್ ಇಟ್ಟು ಅರ್ಧ ವಾಪಸ್ ಕೊಡಿ ಅಥವಾ ಮುಂದಿನ ಬ್ಯಾಚಿಗೆ ಹಾಕಿ ಅಂತ ಬರೆದು ಕೇಳಿ, ಒಪ್ಪೋರು ಇರ್ತಾರೆ. ಪಾಂಪ್ಲೆಟ್ಟಲ್ಲಿ ಹಾಕಿದ್ದು ಒಂದು, ಅಲ್ಲಿ ನಡೀತಿರೋದು ಇನ್ನೊಂದು ಅಂತಿದ್ರೆ ಮಾತ್ರ ಅದು ಸೇವೆಯ ಲೋಪ, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ, ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕಾನೂ ಇಲ್ಲ. ರಸೀದಿ ಕೊಟ್ಟಿಲ್ಲ ಅಂತ ಪತ್ರದಲ್ಲಿ ಬರೆದಿದ್ದೀರಿ, ಅದನ್ನ ನಾಳೆನೇ ಹೋಗಿ ಕೇಳಿ ತಗೊಳ್ಳಿ, ಯುಪಿಐ ಮಾಡಿದ ಸ್ಕ್ರೀನ್‌ಶಾಟೂ ಡಿಲೀಟ್ ಆಗದ ಹಾಗೆ ನೋಡ್ಕೊಳ್ಳಿ.